ತೇಗದ ಬಾಗಿಲಿಗೆ ಕಿಂಡಿ

ನಮ್ಮ ಮಾವನಿಗೆ ಬಾಗಿಲು ಅಂದ್ರೆ ಪ್ರಾಣ. ಬೇರೆಯವರು ಮನೆ ಕಟ್ಟಿಸಿದ್ರೆ ಬಂದೋರಿಗೆ ಅಡುಗೆಮನೆ ತೋರಿಸ್ತಾರೆ, ತಾರಸಿ ತೋರಿಸ್ತಾರೆ. ನಮ್ಮ ಮಾವ ಬಾಗಿಲು ತೋರಿಸ್ತಾರೆ. ಒಂದೊಂದನ್ನೂ ತೆಗೆದು, ಹಾಕಿ, "ಶಬ್ದ ಕೇಳಿ" ಅಂತಾರೆ. ಧಪ್ ಅಂತ ಕೂತ್ಕೊಳ್ತದೆ. "ಇದರೊಳಗೆ ಒಂದು ಇರುವೆ ನುಗ್ಗಲಿ ನೋಡೋಣ" ಅಂತ ಸವಾಲು ಬೇರೆ. ಬಂದೋರು ಪಾಪ, ಕಾಫಿ ಯಾವಾಗ ಬರುತ್ತೋ ಅಂತ ಅಡುಗೆಮನೆ ಕಡೆ ಕಣ್ಣಿಟ್ಟು ತಲೆ ಆಡಿಸ್ತಾರೆ.

ಮಾವ ಅಂದ್ರೆ ತಮ್ಮಯ್ಯ ಮೇಷ್ಟ್ರು. ಬೇಲೂರು ಬಸ್‌ಸ್ಟ್ಯಾಂಡಲ್ಲಿ ಇಳಿದು ಮೇಷ್ಟ್ರು ಮನೆ ಅಂದ್ರೆ ಸಾಕು, ಆಟೋದವರು ಸೀದಾ ತಂದು ನಮ್ಮ ಗೇಟಿಗೆ ನಿಲ್ಲಿಸ್ತಾರೆ. ಹೆಡ್‌ಮಾಸ್ಟರಾಗಿ ರಿಟೈರಾದ ವರ್ಷ ಕಟ್ಟಿಸಿದ ಮನೆ. ಹಾಲಲ್ಲಿ ಬುದ್ಧನ ಮೂರ್ತಿ, ಅದರ ಮೇಲೆ ಬಾಬಾಸಾಹೇಬರ ಫೋಟೊ, ಸುತ್ತ ಬಾಗಿಲುಗಳು. ಎಲ್ಲಾ ತೇಗ. ಮುಂಬಾಗಿಲಿಗೆ ತೇಗ ಹಾಕ್ಸೋರು ಬೇಕಾದಷ್ಟು ಜನ ಇದ್ದಾರೆ, ಬಚ್ಚಲಿಗೂ ತೇಗ ಹಾಕ್ಸಿದ್ದು ನಮ್ಮ ಬೀದೀಲಿ ಇವರೊಬ್ಬರೇ. ಬಾಗಿಲು ಮಾಡಿದ ಕಲ್ಲೇಶಾಚಾರಿಯವರೇ "ಬಚ್ಚಲಿಗೆ ತಗಡಿಂದು ಸಾಕು ಮೇಷ್ಟ್ರೇ, ನೀರು ಬೀಳೋ ಜಾಗ" ಅಂದಿದ್ರಂತೆ. "ಬಚ್ಚಲಿಂದೇ ಮೊದಲು ಮಾಡಿ, ಮುಂಬಾಗಿಲು ಆಮೇಲೆ ನೋಡೋಣ" ಅಂದ್ರಂತೆ ಮಾವ. ಯಾಕೆ ಅಂತ ಯಾರೂ ಕೇಳಲಿಲ್ಲ. ದೊಡ್ಡೋರಿಗೆ ಒಂದೊಂದು ಹುಚ್ಚು ಇರ್ತದೆ ಅಂದ್ಕೊಂಡು ನಾನೂ ಸುಮ್ಮನಿದ್ದೆ.

ನಾನು ಲತಾಮಣಿ, ಈ ಮನೆ ಸೊಸೆ. ಹುಲಿಕೆರೆ ಕಡೆ ಹಳ್ಳಿಗಳಿಗೆ ಸರ್ಕಾರಿ ನರ್ಸು. ಸೂಜಿ, ಮಾತ್ರೆ, ಬಸುರಿ, ಬಾಣಂತಿ, ಇದೇ ನನ್ನ ಲೋಕ. ಬಾಯಿ ಜೋರು ಅಂತಾರೆ ಎಲ್ಲರೂ. ಇರಲಿ ಬಿಡಿ. ಬಾಯಿ ಮೆತ್ತಗಿದ್ರೆ ನಮ್ಮ ಕೆಲಸದಲ್ಲಿ ಒಂದು ಮಗುವಿನ ಬಾಯಿಗೂ ಪೋಲಿಯೊ ಹನಿ ಬೀಳಲ್ಲ. ನಮ್ಮೆಜಮಾನ್ರು ಧರ್ಮೇಶ್‌ಗೆ ಆಫೀಸ್ ಕೆಲಸ. ಅವರ ಬಾಯಲ್ಲಿ ಹೆಚ್ಚಾಗಿ ಬರೋ ಮಾತು ಒಂದೇ, "ನೋಡೋಣ". ಸಾರಿಗೆ ಉಪ್ಪು ಸರಿಯಾಗಿದೆಯಾ ಅಂತ ಕೇಳಿದ್ರೂ ನೋಡೋಣ ಅನ್ನೋ ಮನುಷ್ಯ.

ಇಂಥಾ ಮನೆಗೆ ಗ್ಯಾಸ್ ಗೀಸರ್ ಬಂತು. ಎರಡು ಸಾವಿರದ ನಾಲ್ಕನೇ ಇಸವಿ. ಬೆಳಗಾದ್ರೆ ಕರೆಂಟ್ ಹೋಗೋದು, ಕರೆಂಟಿನ ಗೀಸರ್ ಇದ್ದೂ ಇಲ್ಲದ ಹಾಗೆ. ಅದಕ್ಕೇ ಧರ್ಮೇಶ್ ಗ್ಯಾಸಿಂದು ತಂದು ಬಚ್ಚಲ ಗೋಡೆಗೆ ಹಾಕ್ಸಿದ್ರು. ಸಿಲಿಂಡರ್ ಅಡುಗೆಮನೇಲಿ. ನಲ್ಲಿ ತಿರುಗಿಸಿದ್ರೆ ಭಗ್ ಅಂತ ಹತ್ಕೊಳ್ಳೋದು, ಬಿಸಿನೀರು ಸುರಿಯೋದು. ನಮ್ಮತ್ತೆ ರುದ್ರಮ್ಮ ಮೊದಲನೇ ದಿನ ಸ್ನಾನಕ್ಕೆ ಹೋದೋರು ತಿಂಡಿ ಆರಿ ತಣ್ಣಗಾದ್ರೂ ಈಚೆಗೆ ಬರಲಿಲ್ಲ.

ಬಂದಮೇಲೆ ಕೆಂಪಗಾದ ಮುಖ ಒರೆಸ್ಕೊಳ್ತಾ ಹೇಳಿದ್ರು, "ಬುದ್ಧಿ ಬಂದಾಗ್ಲಿಂದ ಹಂಡೆ ಒಲೆ ಊದಿವ್ನಿ ಕಣೇ ಲತಾ. ಹಸಿ ಮಟ್ಟೆ ಹೊಗೆಗೆ ಕಣ್ಣು ಹೋಯ್ತು, ಎದೆ ಹೋಯ್ತು. ಇವತ್ತು ನೀರು ತಾನಾಗೇ ಕಾದು ಬಂತು ನೋಡು. ಇನ್ನು ನಾನು ಒಲೆ ಮುಂದೆ ಕೂರಾಕಿಲ್ಲ."

ಅತ್ತೇನ ಅಷ್ಟು ಖುಷಿಯಾಗಿ ನಾನು ನೋಡೇ ಇರಲಿಲ್ಲ.

ಈಗ ಬಚ್ಚಲಿನ ವಿಷಯ ಹೇಳಬೇಕು. ಅದು ಮೂರು ಕಡೆಯಿಂದ ಸಿಕ್ಕಿಹಾಕ್ಕೊಂಡ ಹಾಗಿದೆ. ಒಂದು ಕಡೆ ಅಡುಗೆಮನೆ, ಒಂದು ಕಡೆ ಮೆಟ್ಟಿಲು, ಹಿಂದಿನ ಗೋಡೆಗೆ ಅಂಟ್ಕೊಂಡೇ ಪಕ್ಕದ ಮನೆ ತಾರಸಿ. ಗೀಸರನ್ನ ಹೊರಗೆ ಹಾಕೋಣ ಅಂದ್ರೆ ಹೊರಗಡೆ ಅನ್ನೋದೇ ಇಲ್ಲ. ಸೂರಿನ ಹತ್ರ ಒಂದು ಕಿಂಡಿ ಇತ್ತು. ಪಕ್ಕದವರು ತಾರಸಿ ಹಾಕಿದ ವಾರದಲ್ಲೇ ಮಾವ ಅದಕ್ಕೆ ಗಾಜು ಕೂರಿಸಿ ಸಿಮೆಂಟ್ ಮೆತ್ತಿಸಿದ್ರು. ಬಾಗಿಲಂತೂ ಹೇಳಿದ್ನಲ್ಲ, ಇರುವೆಗೂ ದಾರಿ ಇಲ್ಲ.

ಆಷಾಢದ ಒಂದು ಬೆಳಿಗ್ಗೆ ನಾನು ಡ್ಯೂಟಿಗೆ ಹೊರಟು ಚಪ್ಪಲಿ ಮೆಟ್ಕೊಳ್ತಾ ಇದ್ದೆ. ಅತ್ತೆ ಬಚ್ಚಲಲ್ಲಿದ್ರು. ನೀರು ಸುರಿಯೋ ಶಬ್ದ ಬರ್ತಾನೇ ಇದೆ, ಚೊಂಬಿನ ಶಬ್ದ ಇಲ್ಲ. ಅದೇನೋ ಸರಿ ಅನ್ನಿಸಲಿಲ್ಲ. "ಅತ್ತೆ" ಅಂತ ಕೂಗಿದೆ. ಉತ್ತರ ಇಲ್ಲ. ಬಾಗಿಲು ಬಡಿದೆ. ಇಲ್ಲ. ಮಾವ ಬಂದ್ರು, ಧರ್ಮೇಶ್ ಬಂದ್ರು, ಇಬ್ಬರೂ ಭುಜ ಕೊಟ್ಟು ಗುದ್ದಿದ್ರು. ಕಲ್ಲೇಶಾಚಾರಿ ಬಾಗಿಲು, ಮಿಸುಕಲಿಲ್ಲ. ಹಾರೆ ತಂದ್ರೆ ಹಾರೆ ಮೂತಿ ತೂರಿಸಕ್ಕೂ ಸಂದಿ ಇಲ್ಲ.

ನಾನು ಓಡಿಹೋಗಿ ಸಿಲಿಂಡರ್ ಆಫ್ ಮಾಡಿದೆ. ಧರ್ಮೇಶ್ ಆವತ್ತು ನೋಡೋಣ ಅನ್ನಲಿಲ್ಲ. ಮೆಟ್ಟಿಲು ಹತ್ತಿ, ಪಕ್ಕದವರ ತಾರಸಿಗೆ ಹಾರಿ, ಇಟ್ಟಿಗೆ ತಗೊಂಡು ಕಿಂಡಿ ಗಾಜು ಒಡೆದ್ರು. ಗಾಳಿ ಒಳಗೆ ನುಗ್ತು. ಮಾವ ಬಾಗಿಲಿಗೆ ಹಣೆ ಒತ್ತಿ "ರುದ್ರಾ, ರುದ್ರಾ" ಅಂತಾ ಇದ್ರು. ಅತ್ತೇನ ಅವರು ಹೆಸರು ಹಿಡಿದು ಕರೆದಿದ್ದು ನಾನು ಕೇಳಿದ್ದು ಅದೇ ಮೊದಲು. ಎಷ್ಟೋ ಹೊತ್ತಾದಮೇಲೆ ಒಳಗೆ ಬಕೆಟ್ ಉರುಳಿತು. ಅತ್ತೆ ತೆವಳ್ಕೊಂಡು ಬಂದು ಚಿಲಕ ಸರಿಸಿದ್ರು. ನಾನು ಅವರಿಗೆ ಸೀರೆ ಸುತ್ತಿ ಹಾಲಿಗೆ ಎಳ್ಕೊಂಡು ಬಂದೆ.

ಡಾಕ್ಟರು ನೋಡಿ ಹೇಳಿದ್ರು, ಮುಚ್ಚಿದ ಜಾಗದಲ್ಲಿ ಗ್ಯಾಸ್ ಉರಿದ್ರೆ ವಿಷಗಾಳಿ ತುಂಬ್ಕೊಳ್ತದೆ, ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಮನುಷ್ಯ ನಿದ್ದೆ ಬಂದ ಹಾಗೆ ಹೋಗಿಬಿಡ್ತಾನೆ. "ಮೇಲೊಂದು ಕಿಂಡಿ, ಕೆಳಗೊಂದು ಕಿಂಡಿ ಇಲ್ಲದೆ ಆ ಬಚ್ಚಲಲ್ಲಿ ಗೀಸರ್ ಹಚ್ಚಲೇಬೇಡಿ. ಹಚ್ಚಿದ್ರೂ ನೀರು ಹಿಡಿದು ಆಫ್ ಮಾಡಿ ಆಮೇಲೆ ಸ್ನಾನ ಮಾಡಿ."

ಮೇಲಿನ ಕಿಂಡಿ ಧರ್ಮೇಶ್ ಒಡೆದಾಗಿತ್ತು. ಕೆಳಗಿನದು ಅಂದ್ರೆ ಬಾಗಿಲು. ಬೇರೆ ಜಾಗ ಎಲ್ಲಿದೆ?

"ಬಾಗಿಲಿಗೆ ತೂತು ಹಾಕಿಸೋದಿಲ್ಲ" ಅಂದ್ರು ಮಾವ. ಅಷ್ಟೇ. ಮೇಷ್ಟ್ರು ಕ್ಲಾಸಲ್ಲಿ ಗೆರೆ ಎಳೆದ ಹಾಗೆ.

"ಹಂಗಾದ್ರೆ ಅತ್ತೆ?"

"ಗೀಸರ್ ಕಿತ್ತು ಹಾಕಿ. ಹಿತ್ತಲಲ್ಲಿ ಹಂಡೆ ಇಟ್ಟರಾಯ್ತು."

ಮಲಗಿದ್ದ ಅತ್ತೆಗೆ ಇನ್ನೂ ತಲೆ ಎತ್ತಕ್ಕೆ ಆಗ್ತಿರಲಿಲ್ಲ, ಮಾತು ಮಾತ್ರ ಗಟ್ಟಿಯಾಗಿ ಬಂತು. "ನಾನು ಒಲೆ ಊದಾಕಿಲ್ಲ. ಸತ್ರೆ ಬಿಸಿನೀರಲ್ಲೇ ಸಾಯ್ತೀನಿ, ಹೊಗೇಲಿ ಸಾಯಾಕಿಲ್ಲ."

"ಒಲೆ ನಾನು ಹಚ್ಚಿಕೊಡ್ತೀನಿ" ಅಂದ್ರು ಮಾವ.

"ನೀವು ಹಚ್ಚಿದ ಒಲೆ ಕಂಡಿವ್ನಿ ಬಿಡ್ರೀ" ಅಂತ ಅತ್ತೆ ಗೋಡೆ ಕಡೆ ತಿರುಗಿದ್ರು.

ನೋಡಿ, ಹಿಂಗೆ ಇಬ್ಬರೂ ಹಠ. ಒಬ್ಬರು ಬಾಗಿಲು ಬಿಡಲ್ಲ, ಒಬ್ಬರು ಬಿಸಿನೀರು ಬಿಡಲ್ಲ. ನಡುವೆ ನಾನು. ಮಾವ ಮೇಲಿನ ಕಿಂಡಿಗೆ ಹೊಸ ಗಾಜು ತರಿಸಿ ಇಟ್ಟಿದ್ರು. ನಾನು ಅದನ್ನ ಹಿತ್ತಲಿಗೆ ತಗೊಂಡು ಹೋಗಿ ಒಗೆಯೋ ಕಲ್ಲಿನ ಮೇಲೆ ಹಾಕಿ ರುಬ್ಬೋ ಗುಂಡಿನಿಂದ ಜಜ್ಜಿದೆ. ಮಾವ ಕಿಟಕೀಲಿ ನೋಡ್ತಾ ನಿಂತಿದ್ರು. ಚೂರೆಲ್ಲಾ ಗುಡಿಸಿ ಕಸಕ್ಕೆ ಹಾಕಿ ಕೈ ತೊಳ್ಕೊಂಡೆ.

ಅತ್ತೆ ಎದ್ದು ಓಡಾಡೋ ಹಾಗಾದ ಮೇಲೆ ಮತ್ತೆ ಅದೇ ಬಚ್ಚಲು, ಅದೇ ಗೀಸರ್. ನೀರು ಹಿಡಿದು ಆಫ್ ಮಾಡಿ ಅಂದ್ರೆ "ಹೂಂ" ಅಂತಾರೆ, ಮಾಡಲ್ಲ. ಸುರಿಯೋ ನೀರಿನ ಕೆಳಗೆ ಕೂರೋದೇ ಅವರಿಗೆ ಸುಖ. ಬಾಗಿಲು ತೆಗೆದಿಟ್ಟು ಸ್ನಾನ ಮಾಡಿ, ನಾನು ಕಾಯ್ತೀನಿ ಅಂದ್ರೆ ಅದಕ್ಕೂ ಒಪ್ಪಲ್ಲ. ಕೊನೆಗೆ ನಾನು ಬಾಗಿಲ ಹೊರಗೆ ಮಣೆ ಹಾಕ್ಕೊಂಡು ಕೂತು ಘಳಿಗೆಗೊಂದು ಸಲ "ಅತ್ತೆ" ಅನ್ನೋದು, ಅವರು ಒಳಗಿಂದ "ಊಂ" ಅನ್ನೋದು. ಆ ದಪ್ಪ ಬಾಗಿಲಲ್ಲಿ ಅವರ ಊಂ ಕೇಳಬೇಕಾದ್ರೆ ಕಿವಿ ಅಂಟಿಸಬೇಕು. ಒಂದು ಬೆಳಿಗ್ಗೆ ನನ್ನ ಮೇಲೆ ಅದೇನೋ ಸಿಟ್ಟಿಗೆ ಊಂ ಅನ್ನಲೇ ಇಲ್ಲ. ನಾನು ಎರಡೂ ಕೈಯಲ್ಲಿ ಬಾಗಿಲು ಬಡಿದೆ. ಈಚೆ ಬಂದು "ಬಾಯ್ತುಂಬಾ ನೀರಿತ್ತು ಕಣೇ" ಅಂದ್ರು. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಸಾಕು ಅನ್ನಿಸ್ತು. ಈ ಬಾಗಿಲು ಕೊಯ್ಯೋದೇ ಅಂತ ತೀರ್ಮಾನ ಮಾಡ್ದೆ.

ಮೊದಲು ಕಲ್ಲೇಶಾಚಾರಿ ಹತ್ರ ಹೋದೆ. "ಮೇಷ್ಟ್ರು ಒಂದು ಮಾತು ಹೇಳಲಿ ತಾಯಿ, ಬಂದು ಮಾಡಿಕೊಡ್ತೀನಿ. ಅವರನ್ನ ಮೀರಿ ಆ ಬಾಗಿಲು ಮುಟ್ಟಲಾರೆ" ಅಂದ್ರು. ಅವರದೂ ತಪ್ಪಿಲ್ಲ. ಆ ಬಾಗಿಲನ್ನ ಮಾವ ಊರಿಗೆಲ್ಲಾ ತೋರಿಸಿ ಅವರಿಗೆ ಹೆಸರು ತಂದಿದ್ರು. 

ಆಮೇಲೆ ನನ್ನ ತಮ್ಮನಿಗೆ ಫೋನ್ ಮಾಡ್ದೆ. ಭೀಮರಾಜ್, ಅರಸೀಕೆರೆ ಜಂಕ್ಷನ್ನಲ್ಲಿ ರೈಲು ಬೋಗಿ ರಿಪೇರಿ ಮಾಡೋ ಫಿಟ್ಟರು. ವಿಷಯ ಕೇಳಿ ನಕ್ಕ. "ಅಕ್ಕ, ರೈಲಲ್ಲಿ ಕಕ್ಕಸಿಗೆ ಹೋಗಿದೀಯ ತಾನೆ? ಬಾಗಿಲ ಕೆಳಗೆ ಓರೆ ಓರೆ ಪಟ್ಟಿ ಇರ್ತಾವಲ್ಲ, ಅದು ಯಾಕಿದೆ ಅಂದ್ಕೊಂಡಿದೀಯ? ಇಡೀ ಇಂಡಿಯಾ ಅದರೊಳಗೆ ಹೋಗಿ ಬರ್ತದೆ, ಯಾರ ಮಾನವೂ ಹೋಗಿಲ್ಲ. ಭಾನುವಾರ ಬರ್ತೀನಿ ಬಿಡು."

ಇದನ್ನ ನಾನು ಊಟದ ಹೊತ್ತಿಗೆ ಮಾವನಿಗೆ ಹೇಳಿದೆ. ಕದ್ದುಮುಚ್ಚಿ ಮಾಡೋ ಜಾತಿ ನಾನಲ್ಲ. "ಮಾವ, ಭಾನುವಾರ ಭೀಮ ಬರ್ತಾನೆ, ಬಾಗಿಲಿಗೆ ಕಿಂಡಿ ಇಡ್ತಾನೆ. ರೈಲಲ್ಲಿ ಇರೋ ಥರಾದ್ದು."

ಮಾವ ಮುದ್ದೆ ಮುರೀತಾ ಇದ್ದೋರು ಕೈ ನಿಲ್ಲಿಸಿದ್ರು. "ನನ್ನ ತೇಗದ ಬಾಗಿಲಿಗೆ ರೈಲು ಕಕ್ಕಸಿನ ತೂತು?"

"ಹೌದು ಮಾವ."

"ನಾನು ಬದುಕಿರೋ ತನಕ ಇಲ್ಲ."

"ಅತ್ತೆ ಬದುಕಿರಬೇಕಲ್ಲ" ಅಂದೆ.

ಧರ್ಮೇಶ್ ನೀರಿನ ಲೋಟ ಎತ್ತಿ, "ನೋಡೋಣ" ಅಂದ್ರು. ಇಬ್ಬರೂ ಅವರನ್ನ ದುರುಗುಟ್ಟಿಕೊಂಡು ನೋಡಿದ್ವಿ.

ಭಾನುವಾರ ಭೀಮ ಬಂದ. ಗೋಣಿಚೀಲದಲ್ಲಿ ಡ್ರಿಲ್ಲಿಂಗ್ ಮಿಷಿನ್ನು, ಮೂತಿ ಚೂಪಗಿರೋ ಸಣ್ಣ ಗರಗಸ, ಉಳಿ, ಅರ. ಬಟ್ಟೇಲಿ ಸುತ್ತಿ ಎರಡು ಜಾಲರಿ. ಅರಸೀಕೆರೇಲಿ ಗೊತ್ತಿರೋ ಬಡಗಿ ಕೈಲಿ ತೇಗದಲ್ಲೇ ಮಾಡ್ಸಿದ್ದ, ಒಂದು ಬಾಗಿಲ ಒಳಮುಖಕ್ಕೆ, ಒಂದು ಹೊರಮುಖಕ್ಕೆ. ಪಾಲಿಶ್ ಕೂಡ ನಮ್ಮ ಬಾಗಿಲ ಬಣ್ಣಕ್ಕೆ ಹೊಂದೋ ಹಾಗೆ ಹಾಕ್ಸಿದ್ದ. ಬಂದು ನೋಡಿದ್ರೆ ಬಚ್ಚಲ ಬಾಗಿಲಿಗೆ ಬೆನ್ನು ಕೊಟ್ಟು, ಕುರ್ಚಿ ಹಾಕ್ಕೊಂಡು, ಮಾವ ಪೇಪರ್ ಓದ್ತಾ ಕೂತಿದ್ದಾರೆ. ಕಾಲ ಮೇಲೆ ಕಾಲು. ಮಾವ ಶಿಕ್ಷಕರ ಸಂಘದಲ್ಲಿದ್ದಾಗ ಧರಣಿ ಕೂತು ಅಭ್ಯಾಸ ಇದ್ದೋರು. ಕಾಫಿ ಕೊಟ್ಟೆ, ಕುಡಿದ್ರು. ತಿಂಡಿ ಕೊಟ್ಟೆ, ತಿಂದ್ರು. ಏಳಲಿಲ್ಲ.

"ಮಾವ, ಏಳಿ" ಅಂದೆ.

"ಇಲ್ಲಮ್ಮ."

"ಕುರ್ಚಿ ಸಮೇತ ಎತ್ತಿಡ್ತೀವಿ."

"ಎತ್ತು" ಅಂದು ಪುಟ ತಿರುಗಿಸಿದ್ರು.

ಭೀಮ ನನ್ನ ಮುಖ ನೋಡ್ದ. ನನಗೆ ಸಿಟ್ಟು ನೆತ್ತಿಗೇರಿತ್ತು. ಮಾವ ಅನ್ನೋ ಮರ್ಯಾದೆಗೆ ಕೂಗಲಿಲ್ಲ, ಆದ್ರೆ ಕೇಳೇಬಿಟ್ಟೆ. "ಆವತ್ತು ಈ ಬಾಗಿಲಿಗೆ ಹಣೆ ಹಚ್ಚಿ ರುದ್ರಾ ರುದ್ರಾ ಅಂತ ಇದ್ದೋರು ನೀವೇ ಅಲ್ವಾ? ಹಾರೆಗೂ ಸಂದಿ ಕೊಡದ ಬಾಗಿಲು ಇದು. ಇಷ್ಟಾದ್ಮೇಲೂ ಇದಕ್ಕೆ ಕಾವಲು ಕೂತಿದೀರಲ್ಲ, ಯಾಕೆ ಅಂತ ಒಂದೇ ಒಂದು ಮಾತು ಹೇಳಿ. ಹೇಳಿದ್ರೆ ನಾನು ಬಾಯಿ ಮುಚ್ಕೊಳ್ತೀನಿ."

ಮಾವ ಪೇಪರ್ ಮಡಚಿದ್ರು. ಆಮೇಲೆ ಹೇಳಿದ್ರು.

"ಹಳೇಬೀಡಿನ ಆಚೆ ನಮ್ಮ ಹಟ್ಟಿ. ನಮ್ಮ ಗುಡಿಸಲಿಗೆ ಬಾಗಿಲು ಅಂತ ಇದ್ದದ್ದು ತಡಿಕೆ. ಬಿದಿರು ಸೀಳಿ ಹೆಣೆದದ್ದು, ಮೈಯೆಲ್ಲಾ ತೂತು. ಪಟೇಲರ ಮನೆಯಿಂದ ಒಬ್ಬ ಗುಮಾಸ್ತ ಬರ್ತಿದ್ದ, ಕೆಲಸಕ್ಕೆ ಕರೆಯಕ್ಕೆ. ಬಂದೋನು ಹೊರಗೆ ನಿಂತು ಕೂಗಬಹುದಿತ್ತು. ಕೂಗ್ತಿರಲಿಲ್ಲ. ತಡಿಕೆಗೆ ಕಣ್ಣಿಟ್ಟು ನೋಡಿ ಆಮೇಲೆ ಕರೀತಿದ್ದ. ನಮ್ಮವ್ವ ಮೂಲೇಲಿ ಮೈ ತೊಳ್ಕೊಳ್ತಾ ಇದ್ದಾಗಲೂ. ಅವ್ವ ಒದ್ದೆ ಸೀರೆ ಹೊದ್ಕೊಂಡು ಗೋಡೆಗೆ ಅಂಟಿಕೊಳ್ತಿದ್ಲು. ನಾನು ಅಲ್ಲೇ ಕೂತಿರ್ತಿದ್ದೆ, ಸಣ್ಣೋನು. ಏನೂ ಮಾಡಕ್ಕಾಗ್ತಿರಲಿಲ್ಲ." ಮಾವ ಕೈಲಿದ್ದ ಪೇಪರನ್ನ ಇನ್ನೊಂದು ಮಡಿಕೆ ಮಡಚಿದ್ರು. "ಓದಿ ಸಂಬಳ ಎಣಿಸೋ ಹಾಗಾದ್ರೆ ಇರುವೆಗೂ ದಾರಿ ಇಲ್ಲದ ಬಾಗಿಲು ಹಾಕ್ಸಬೇಕು ಅಂತ ಆವತ್ತೇ ಅಂದ್ಕೊಂಡಿದ್ದೆ. ಬಚ್ಚಲಿಗೇ ಮೊದಲು. ಈಗ ಹೇಳು, ಈ ಬಾಗಿಲಿಗೆ ನಾನೇ ಕೈಯಾರೆ ತೂತು ಹಾಕಿಸಲಾ?"

ಬಾಯಿ ಮುಚ್ಕೊಳ್ತೀನಿ ಅಂತ ಮಾತು ಕೊಟ್ಟಿದ್ದೆ. ಕೊಟ್ಟ ಮಾತು ಉಳಿಸ್ಕೊಳ್ಳಕ್ಕೆ ಆಗಲಿಲ್ಲ. ಈಗ ಸಿಟ್ಟು ಮಾವನ ಮೇಲಲ್ಲ, ಆ ಗುಮಾಸ್ತನ ಮೇಲೆ.

"ಮಾವ, ನೋಡಿದ್ದು ಅವನ ತಪ್ಪು. ತಡಿಕೆ ಏನು ಮಾಡ್ತು? ಅವನು ಸತ್ತು ಎಷ್ಟು ಕಾಲ ಆಯ್ತೋ. ಅವನಿಗೋಸ್ಕರ ಇವತ್ತು ನಮ್ಮತ್ತೆ ಉಸಿರು ಕಟ್ಕೊಂಡು ಸಾಯಬೇಕಾ? ನಮ್ಮ ಮನೆ ಬಾಗಿಲು ಹೆಂಗಿರಬೇಕು ಅಂತ ಆ ಸತ್ತೋನು ಇನ್ನೂ ಹೇಳ್ತಾ ಇರಬೇಕಾ? ನಾನು ಒಪ್ಪಲ್ಲ."

ಮಾವ ತಲೆ ತಗ್ಗಿಸಿದ್ರು. ಎದ್ದೇಳಲಿಲ್ಲ ಮಾತ್ರ.

ಅಷ್ಟೊತ್ತಿಗೆ ಅತ್ತೆ ಟವೆಲ್ಲು, ಸೋಪಿನ ಡಬ್ಬಿ ಹಿಡ್ಕೊಂಡು ಬಂದ್ರು. ಸ್ನಾನಕ್ಕೆ ಹೊರಟಿದ್ರು. ಎಲ್ಲಾ ಕೇಳಿಸ್ಕೊಂಡಿದ್ರು ಅಂತ ಮುಖ ನೋಡಿದ್ರೇ ಗೊತ್ತಾಗ್ತಿತ್ತು. ಮಾವನ ಕುರ್ಚಿ ಮುಂದೆ ನಿಂತ್ರು.

"ನಿಮ್ಮವ್ವುನ್ನ ಒಬ್ಬಳನ್ನೇ ನೋಡ್ದ ಅಂದ್ಕಂಡಿದ್ರಾ ಮೇಷ್ಟ್ರೇ?"

ಮಾವ ತಲೆ ಎತ್ತಿದ್ರು.

"ನಾನು ಮದ್ವೆಯಾಗಿ ಆ ಗುಡಿಸಲಿಗೇ ಬಂದಿದ್ದು. ನೀವು ಟ್ರೈನಿಂಗು ಅಂತ ಹಾಸನದಲ್ಲಿದ್ರಿ. ನೀರು ಉಯ್ಕೋತಾ ಕೂತಿದ್ದೆ, ತಡಿಕೆ ಸಂದೀಲಿ ಕಣ್ಣು ಕಂಡ್ತು. ನಿಮ್ಮವ್ವ ಗೋಡೆಗೆ ಅಂಟ್ಕಂಡ್ಲು ಅಂದ್ರಲ್ಲ, ನಾನು ಅಂಟ್ಕಳ್ಳಿಲ್ಲ. ಒಲೆ ಮ್ಯಾಲೆ ಹಂಡೆ ಕುದೀತಿತ್ತು. ಚೊಂಬಲ್ಲಿ ಮೊಗೆದೆ. ಆ ಕಣ್ಣು ಇದ್ದ ಸಂದಿಗೇ ಎರಚ್ದೆ." ಅತ್ತೆ ಕೈ ಬೀಸಿ ತೋರಿಸಿದ್ರು, ಸೋಪಿನ ಡಬ್ಬಿ ಠಣ್ ಅಂತ ಕೆಳಗೆ ಬಿತ್ತು. "ಬೊಬ್ಬೆ ಹೊಡ್ಕಂಡು ಓಡ್ದ. ಆಮ್ಯಾಕೆ ನಮ್ಮ ತಡಿಕೆ ಹತ್ರಕ್ಕೆ ಬರಲೇ ಇಲ್ಲ. ಬೀದಿ ಕೊನೇಲಿ ನಿಂತು ಕೂಗೋನು."

ಮಾವ ಬಾಯಿ ಬಿಟ್ಕೊಂಡು ನೋಡ್ತಾ ಇದ್ರು. "ಅವನ ಕೆನ್ನೆ ಮೇಲೆ ಒಂದು ಕಲೆ ಇತ್ತು. ಆಲೆಮನೇಲಿ ಬೆಲ್ಲದ ಪಾಕ ಸಿಡೀತು ಅಂತಿದ್ದ."

"ಇನ್ನೇನಂದಾನು? ರುದ್ರಮ್ಮ ಬೇಯ್ಸಿದ್ಲು ಅಂದಾನಾ?"

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ದೊಣ್ಣೆ ತಗಂಡು ಹೋಗ್ತಿದ್ರಿ. ಜೈಲು ಸೇರ್ತಿದ್ರಿ, ಮೇಷ್ಟ್ರು ಆಗ್ತಿರಲಿಲ್ಲ. ಆಗಬೇಕಾದ್ದು ನಾನು ಮಾಡಿದ್ನಲ್ಲ, ಇನ್ನೇನು ಹೇಳೋದು ಅಂತ ಸುಮ್ಕಾದೆ." ಅತ್ತೆ ಬಗ್ಗಿ ಡಬ್ಬಿ ಎತ್ಕೊಂಡ್ರು. "ಆ ತೂತು ಇದ್ದಿದ್ಕೇ ಕಣ್ರೀ ಅವನು ನನ್ ಕೈಗೆ ಸಿಕ್ದ. ತೂತಿಗೆ ಹೆದರ್ಕಂಡು ಕೂತೋಳಲ್ಲ ನಾನು. ಏಳಿ, ಇದು ನನ್ನ ಬಚ್ಚಲು."

ಮಾವ ಎದ್ದರು. ಕುರ್ಚೀನ ತಾವೇ ಎತ್ತಿ ಪಕ್ಕಕ್ಕಿಟ್ರು. ಕನ್ನಡಕ ತೆಗೆದು ಪಂಚೆ ತುದೀಲಿ ಒರೆಸ್ಕೊಂಡ್ರು, ಕಣ್ಣನ್ನೂ ಒರೆಸ್ಕೊಂಡ್ರು. ಆಮೇಲೆ ಭೀಮನ ಕಡೆ ತಿರುಗಿ, "ಒಂದು ಸಿಬಿರು ಎದ್ರೂ ನಿನ್ನ ಸುಮ್ಮನೆ ಬಿಡಲ್ಲ" ಅಂದ್ರು.

ಆವತ್ತಿನ ಕೆಲಸ ಹೇಳ್ತೀನಿ ಕೇಳಿ. ಕೀಲಿನ ಸ್ಕ್ರೂ ಬಿಚ್ಚಿ ಬಾಗಿಲು ಇಳಿಸಿ, ಹಾಲಲ್ಲಿ ಎರಡು ಬೆಂಚಿನ ಮೇಲೆ ಕಂಬಳಿ ಹಾಸಿ ಮಲಗಿಸಿದ್ವಿ. ಭೀಮ ಚೌಕಟ್ಟಿನ ಮರ ಮುಟ್ಟಲಿಲ್ಲ, ಕೆಳಗಿನ ಹಲಗೆ ನಡುವೆ ಮಾತ್ರ ಗುರುತು ಹಾಕ್ದ. ಚೌಕಟ್ಟು ಕೊಯ್ದ್ರೆ ಬಾಗಿಲಿನ ಮೂಳೆ ಮುರಿದ ಹಾಗೆ ಅಂದ. ಪಾಲಿಶ್ ಕೀಳದ ಹಾಗೆ ಗೆರೆ ಮೇಲೆ ಅಂಟಿಸಕ್ಕೆ ಟೇಪ್ ಬೇಕು ಅಂದ. ಅವನು ತಂದಿದ್ದ ಟೇಪಿನ ಅಂಟು ಜಾಸ್ತಿ, ಕಿತ್ತರೆ ಪಾಲಿಶ್ಶೂ ಕಿತ್ತು ಬರ್ತಿತ್ತು. ನಾನು ನನ್ನ ಡ್ಯೂಟಿ ಬ್ಯಾಗಿಂದ ಗಾಯಕ್ಕೆ ಹಾಕೋ ಪೇಪರ್ ಟೇಪ್ ಕೊಟ್ಟೆ. ಎಳೇ ಮಕ್ಕಳ ಚರ್ಮದಿಂದಲೂ ನೋವಿಲ್ಲದೆ ಬರ್ತದೆ ಅದು. ಗೆರೆ ಮೇಲೆ ಹೊಸ ಬ್ಲೇಡಲ್ಲಿ ಮೊದಲು ಗೀಚಬೇಕು, ಆಗ ಗರಗಸ ಆಡಿದ್ರೂ ಸಿಬಿರು ಗೆರೆ ದಾಟಲ್ಲ. ಗೀಚೋದು ನಾನೇ ಮಾಡ್ದೆ. ಎರಡೂ ಮುಖಕ್ಕೂ. ಮಾವ ಪಕ್ಕದಲ್ಲಿ ಉಸಿರು ಬಿಗಿ ಹಿಡ್ಕೊಂಡು ನಿಂತಿದ್ರು.

ಭೀಮ ಮೂಲೆ ಮೂಲೆಗೂ ಡ್ರಿಲ್ ಹಾಕ್ದ. ಒಂದೇ ಕಡೆಯಿಂದ ಪೂರ್ತಿ ಕೊರೀಲಿಲ್ಲ, ಕೊರೆದ್ರೆ ಆಚೆ ಬರೋವಾಗ ಹಲಗೆ ಸಿಡೀತದೆ. ಈ ಕಡೆಯಿಂದ ಅರ್ಧ, ಬಾಗಿಲು ಮಗುಚಿ ಆ ಕಡೆಯಿಂದ ಅರ್ಧ. ಆ ತೂತಿಂದ ಗರಗಸ ಇಳಿಸಿ ಗೆರೆ ಒಳಗೇ ಕೊಯ್ದ. ಮಿಕ್ಕಿದ್ದನ್ನ ಉಳೀಲಿ, ಅರದಲ್ಲಿ ಗೆರೆ ಮಟ್ಟಕ್ಕೆ ತಂದ. ತುಂಡು ಕಳಚಿ ಬಿದ್ದಾಗ ಮಾವ ಅದನ್ನ ಎತ್ಕೊಂಡು ಮೂಸಿ ನೋಡಿದ್ರು. ಕೊಯ್ದ ಅಂಚಿಗೆ ನೀರು ಕುಡೀದ ಹಾಗೆ ವಾರ್ನಿಷ್ ಹಚ್ಚಿ, ಅದು ಒಣಗೋ ಹೊತ್ತಿಗೆ ಊಟ ಮುಗಿಸಿ, ಟೇಪ್ ಕಿತ್ತು, ಎರಡೂ ಜಾಲರಿ ಕೂರಿಸಿ, ಬಾಗಿಲು ಮತ್ತೆ ಕೀಲಿಗೆ ಏರಿಸಿದ್ವಿ. ಒಂದು ಗೀರು ಇರಲಿಲ್ಲ. ಜಾಲರಿ ಅಂಚು ಕೊಯ್ದ ಗೆರೇನ ಮುಚ್ಕೊಂಡು ಹುಟ್ಟಿ ಬಂದ ಹಾಗೆ ಕೂತಿತ್ತು.

"ಆಯ್ತಲ್ಲ ಮಾವ" ಅಂದ ಭೀಮ, ಬೆವರು ಒರೆಸ್ಕೊಳ್ತಾ.

ಮಾವ ಮುಂದೆ ಬಂದ್ರು. ಬಾಗಿಲು ಹಾಕಿದ್ರು. ಹಾಲಿನ ನೆಲದ ಮೇಲೆ ಬೋರಲು ಮಲಗಿದ್ರು. ರಿಟೈರ್ಡ್ ಹೆಡ್‌ಮಾಸ್ಟರು, ಇಸ್ತ್ರಿ ಮಾಡಿದ ಬಿಳೀ ಷರಟು, ಎದೆ ನೆಲಕ್ಕೆ ಹಚ್ಚಿ, ಜಾಲರಿಗೆ ಕಣ್ಣಿಟ್ರು.

"ಗೀಸರ್ ಕಾಣ್ತದೆ" ಅಂದ್ರು.

ಭೀಮನ ಮುಖ ಇಳೀತು. "ನಿಂತು ನೋಡಿದ್ರೆ ಕಾಣಲ್ಲ ಮಾವ. ಹಿಂಗೆ ಮಲಗಿ ಯಾರು ನೋಡ್ತಾರೆ?"

"ನೋಡೋನು ಮಲಗೇ ನೋಡ್ತಾನೆ" ಅಂದ್ರು ಮಾವ. ಅದನ್ನ ಯಾರು ಅಲ್ಲಗಳೀತಾರೆ?

ನಾನೂ ಮಲಗಿ ನೋಡಿದೆ. ಗೊತ್ತಾಯ್ತು. ಭೀಮ ಒಳಗಿನ ಜಾಲರಿ, ಹೊರಗಿನ ಜಾಲರಿ, ಎರಡರ ಪಟ್ಟೀನೂ ಒಂದೇ ಕಡೆಗೆ ಓರೆಯಾಗೋ ಹಾಗೆ ಕೂರಿಸಿದ್ದ. ರೈಲಲ್ಲಿ ಹಂಗೇ ಇರ್ತದೆ ಅಂತ ಹಂಗೇ ಮಾಡಿದ್ದ. ಕೆಳಗಿಂದ ನೋಡಿದ್ರೆ ದೃಷ್ಟಿ ಪಟ್ಟಿ ಸಂದೀಲೇ ಏರಿ ಒಳಕ್ಕೆ ಹೋಗ್ತಿತ್ತು. "ಒಳಗಿನ ಜಾಲರೀನ ತಲೆಕೆಳಗು ಮಾಡು ಕಣೋ" ಅಂದೆ. ಮಾಡ್ದ. ಈಗ ಪಟ್ಟಿಗಳು ಎದುರುಬದುರಾಗಿ, ಸೂರಿನ ಎರಡು ಇಳಿಜಾರಿನ ಹಾಗೆ ನಿಂತ್ವು. ಮಾವ ಮತ್ತೆ ಮಲಗಿದ್ರು. ಈ ಕಡೆಯಿಂದ, ಆ ಕಡೆಯಿಂದ, ಕೂತು, ನಿಂತು, ಬಗ್ಗಿ. ಧರ್ಮೇಶನ್ನೂ ಮಲಗಿಸಿ ನೋಡ್ಸಿದ್ರು. ಏನೂ ಕಾಣಲಿಲ್ಲ. ಊದಿನಕಡ್ಡಿ ಹಚ್ಚಿ ಜಾಲರಿ ಮುಂದೆ ಹಿಡಿದ್ರೆ ಹೊಗೆ ಮಾತ್ರ ಒಳಕ್ಕೆ ಹೋಯ್ತು.

"ಗಾಳಿ ಬಗ್ಗಿ ಹೋಗ್ತದೆ, ಕಣ್ಣು ಹೋಗಲ್ಲ" ಅಂದ್ರು ಮಾವ, ಎದ್ದು ಷರಟಿನ ದೂಳು ಕೊಡವುತ್ತಾ. ಒಪ್ಪಿಗೆ ಅಂತ ಬಾಯಲ್ಲಿ ಹೇಳಲಿಲ್ಲ. ಬಾಗಿಲು ಒಂದು ಸಲ ತೆಗೆದು ಹಾಕಿ ಶಬ್ದ ಕೇಳಿದ್ರು. ಅದೇ ಧಪ್.

ಅತ್ತೆ ಬೆಳಗಿಂದ ಟವೆಲ್ ಹೆಗಲ ಮೇಲೆ ಹಾಕ್ಕೊಂಡೇ ಕಾದಿದ್ರು. "ಮುಗೀತಾ ನಿಮ್ಮ ಪರೀಕ್ಷೆ?" ಅಂತ ಒಳಗೆ ಹೋಗಿ ಚಿಲಕ ಹಾಕ್ಕೊಂಡ್ರು. ಭಗ್ ಅಂತ ಗೀಸರ್ ಹತ್ಕೊಳ್ತು. ನಾನು ಅಭ್ಯಾಸಬಲ, ಮಣೆ ತಗೊಂಡು ಹೊರಗೆ ಕೂರಕ್ಕೆ ಹೋದೆ. ಮಾವ ನನ್ನ ಕೈಯಿಂದ ಮಣೆ ತಗೊಂಡ್ರು. ಪೇಪರ್ ಬಿಡಿಸ್ಕೊಂಡು ಆ ಬಾಗಿಲ ಪಕ್ಕದಲ್ಲಿ ತಾವೇ ಕೂತ್ರು. ಚೊಂಬಿನ ಶಬ್ದ, ನೀರಿನ ಶಬ್ದ, ಅತ್ತೆ ಗುನುಗೋದು, ಎಲ್ಲಾ ನಮ್ಮ ಪಕ್ಕದಲ್ಲೇ ಇದ್ದ ಹಾಗೆ ಕೇಳಿಸ್ತಾ ಇತ್ತು. ಇನ್ನು ಕಿವಿ ಅಂಟಿಸಬೇಕಾಗಿರಲಿಲ್ಲ.

ಒಳಗಿಂದ ಅತ್ತೆ ಕೇಳಿದ್ರು, "ಯಾರು ಅಲ್ಲಿ?"

"ನಾನು" ಅಂದ್ರು ಮಾವ.

"ಏನ್ಮಾಡ್ತಾ ಇದ್ದೀರಿ?"

"ಪೇಪರ್ ಓದ್ತಾ ಇದ್ದೀನಿ."

ಸ್ವಲ್ಪ ಹೊತ್ತು ನೀರು ಸುರಿಯೋ ಶಬ್ದ ಬಂತು. ಆಮೇಲೆ ಅತ್ತೆ ಅಂದ್ರು, "ಓದಿ. ಬಿಸಿನೀರು ಇನ್ನೂ ಐತೆ, ಗ್ಯಾಪಕ ಇರ್ಲಿ."

ಮಾವ ಪೇಪರ್ ಮುಖಕ್ಕೆ ಅಡ್ಡ ಹಿಡಿದ್ರು. ನಗ್ತಿದ್ರೋ ಅಳ್ತಿದ್ರೋ ಗೊತ್ತಾಗಲಿಲ್ಲ, ಪೇಪರ್ ಮಾತ್ರ ಅಲ್ಲಾಡ್ತಾ ಇತ್ತು.